ಟೆಂಪಲ್ ಮೀಡ್ಸ್ ಬಿಡಿ, ಬಾತ್ ಗ್ರೀನ್ ಪಾರ್ಕ್ ಕಟ್ಟಿ

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಬ್ರಿಸ್ಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ 12 ಅಡಿ ಉದ್ದ, 9 ಅಡಿ ಅಗಲದ ಒಂದು ಕೋಣೆ ಖಾಲಿ ಇದೆ. ಬಾಗಿಲು ಒಂದು ಮೂಲೆಯಲ್ಲಿದೆ. ಅಲ್ಲಿ ಬ್ರಿಸ್ಟಲ್ ಟೆಂಪಲ್ ಮೀಡ್ಸ್ ನಿಲ್ದಾಣದ ಮಾದರಿ ಕಟ್ಟುವ ಆಸೆ. ಉಗಿ ಎಂಜಿನ್ ಕಾಲದ್ದಾಗಿರಬೇಕು, ಸಣ್ಣಪುಟ್ಟ ವಿವರವೂ ಇರಬೇಕು. ಅಂಗಡಿಯಲ್ಲಿ ಸಿಗುವ ರೈಲು ಸೆಟ್ ಓಡಿಸಿದ್ದು ಬಿಟ್ಟರೆ ನನಗೆ ಅನುಭವ ಇಲ್ಲ, ಬೆಸುಗೆ ಕೂಡ ಬರುವುದಿಲ್ಲ. ಯಾವ ಅಳತೆ ಆರಿಸಲಿ? ಎಲ್ಲಿಂದ ಶುರು ಮಾಡಲಿ? ಆ ದೊಡ್ಡ ಛಾವಣಿ, ಕಲ್ಲಿನ ಕಟ್ಟಡ ಎಲ್ಲ ಹೇಗೆ ಮಾಡುತ್ತಾರೆ? ಮೂರ್ನಾಲ್ಕು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗಬಹುದು. ಆಗ ಇದನ್ನು ಜೊತೆಗೆ ಒಯ್ಯಲು ಆಗುತ್ತದೆಯೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಟೆಂಪಲ್ ಮೀಡ್ಸ್ ಬೇಡ. ಅದು ಬ್ರಿಟನ್ನಿನ ಚೆಂದದ ನಿಲ್ದಾಣಗಳಲ್ಲಿ ಒಂದು, ಅದರಲ್ಲಿ ಎರಡು ಮಾತಿಲ್ಲ. ಎಂಜಿನಿಯರ್ ಬ್ರೂನೆಲ್ ಕಟ್ಟಿಸಿ 1840ರಲ್ಲಿ ತೆರೆದ ಮೊದಲ ಟರ್ಮಿನಸ್ ಕಟ್ಟಡ ಇಂದಿಗೂ ಅಲ್ಲಿ ನಿಂತಿದೆ. ಆದರೆ 1870ರ ದಶಕದಲ್ಲಿ ಸೇರಿಸಿದ ದೊಡ್ಡ ಛಾವಣಿಯ ಅಗಲವೇ 125 ಅಡಿ. ಅದೂ ನೇರವಾಗಿಲ್ಲ, ಹಳಿಗಳ ಜೊತೆ ಬಾಗಿಕೊಂಡು ಹೋಗುತ್ತದೆ. ಓಓ (OO) ಎಂಬ ಮಾದರಿ ರೈಲಿನ ಅಳತೆಯಲ್ಲಿ ನಿಜದ ಒಂದು ಅಡಿಗೆ 4 ಮಿಲಿಮೀಟರ್ ಲೆಕ್ಕ. ಅಂದರೆ ಆ ಛಾವಣಿ ಒಂದೇ ಅರ್ಧ ಮೀಟರ್ ಅಗಲ ತಿನ್ನುತ್ತದೆ. ಜೊತೆಗೆ ಹತ್ತಕ್ಕೂ ಹೆಚ್ಚು ಪ್ಲಾಟ್‌ಫಾರ್ಮ್, ಎರಡೂ ತುದಿಯಲ್ಲಿ ಹಳಿಗಳ ದೊಡ್ಡ ಜಾಲ. ರೈಲುಗಳು ಹಾದುಹೋಗುವ ನಿಲ್ದಾಣ ಆದ್ದರಿಂದ ಎರಡೂ ಕಡೆ ರೈಲು ಅಡಗಿಸಿಡಲು ಜಾಗ ಬೇಕು. ಕ್ಲಬ್‌ನವರು ಹತ್ತಾರು ಜನ ಸೇರಿ ವರ್ಷಾನುಗಟ್ಟಲೆ ಮಾಡುವ ಕೆಲಸ ಅದು. ನಿಮ್ಮ ಕೋಣೆಯಲ್ಲಿ ಅದರ ಒಂದು ಚೂರು ಹಿಡಿಯಬಹುದು. ಆ ಚೂರು ನೋಡಿದವರಿಗೆ ಅದು ಟೆಂಪಲ್ ಮೀಡ್ಸ್ ಅನ್ನಿಸುವುದಿಲ್ಲ.

ಅದರ ಬದಲು, ನೀವಿರುವ ಊರಿನಿಂದ ಸೈಕಲ್ ಹತ್ತಿ. ಬ್ರಿಸ್ಟಲ್‌ನಿಂದ ಬಾತ್‌ಗೆ 13 ಮೈಲಿಯ ಸೈಕಲ್ ದಾರಿ ಇದೆಯಲ್ಲ, ಅದು ಹಳೆಯ ಮಿಡ್‌ಲ್ಯಾಂಡ್ ರೈಲ್ವೆಯ ಹಳಿ ಇದ್ದ ಜಾಗವೇ. ಮ್ಯಾಂಗಟ್ಸ್‌ಫೀಲ್ಡ್ ದಾಟಿ ಬಾತ್ ಕಡೆ ಬಂದರೆ, ಆ ಲೈನ್ ಕೊನೆಗೊಳ್ಳುತ್ತಿದ್ದದ್ದು ಬಾತ್ ಗ್ರೀನ್ ಪಾರ್ಕ್ ನಿಲ್ದಾಣದಲ್ಲಿ. 1870ರಲ್ಲಿ ತೆರೆದದ್ದು. ಮೊದಲ ಹೆಸರು ಕ್ವೀನ್ ಸ್ಕ್ವೇರ್, ಗ್ರೀನ್ ಪಾರ್ಕ್ ಅಂತ ಆದದ್ದು 1951ರಲ್ಲಿ. 1966ರ ಮಾರ್ಚ್‌ನಲ್ಲಿ ರೈಲು ನಿಂತುಹೋಯಿತು. ಅದೃಷ್ಟಕ್ಕೆ ಕಟ್ಟಡ ಉಳಿಯಿತು, 1980ರ ದಶಕದಲ್ಲಿ ಅದನ್ನು ಚೆನ್ನಾಗಿ ದುರಸ್ತಿಯೂ ಮಾಡಿದರು. ಹಳಿಗಳಿದ್ದ ಕಡೆ ಈಗ ಸಂತೆ ನಡೆಯುತ್ತದೆ. ಮುಂಭಾಗದ ಬಾತ್ ಕಲ್ಲಿನ ಗೋಡೆ, ಅಯಾನಿಕ್ ಕಂಬಗಳು, ಕಬ್ಬಿಣದ ಕಮಾನು ಛಾವಣಿ ಎಲ್ಲವನ್ನೂ ನೀವೇ ಮುಟ್ಟಿ ನೋಡಬಹುದು, ಅಳೆಯಬಹುದು.

ಅಳತೆ ನೋಡಿ. ಎರಡೇ ಪ್ಲಾಟ್‌ಫಾರ್ಮ್. ಅವುಗಳ ನಡುವೆ ನಾಲ್ಕು ಹಳಿ. ಪಕ್ಕದ ಎರಡು ಪ್ರಯಾಣಿಕರ ರೈಲಿಗೆ, ನಡುವಿನ ಎರಡು ಬೋಗಿಗಳನ್ನು ನಿಲ್ಲಿಸಲು. ಎಲ್ಲವನ್ನೂ ಒಂದೇ ಕಮಾನು ಮುಚ್ಚುತ್ತದೆ, ಅದರ ಅಗಲ ಸುಮಾರು 66 ಅಡಿ. ಓಓನಲ್ಲಿ 264 ಮಿಲಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ಸಣ್ಣ ಜಾಗದಲ್ಲಿ ಒಂದು ನಗರದ ನಿಲ್ದಾಣದ ಗತ್ತು ಪೂರ್ತಿ ಇದೆ. ಇಂಥದ್ದು ಬ್ರಿಟನ್ನಿನಲ್ಲಿ ಹುಡುಕಿದರೂ ಹೆಚ್ಚು ಸಿಗುವುದಿಲ್ಲ.

ಆದರೆ ನಾನು ಗ್ರೀನ್ ಪಾರ್ಕ್ ಹೇಳುತ್ತಿರುವುದು ಕಟ್ಟಡದ ಚೆಂದಕ್ಕಲ್ಲ. ಅಲ್ಲಿ ನಡೆಯುತ್ತಿದ್ದ ಕೆಲಸಕ್ಕೆ. ನಿಲ್ದಾಣದ ಮಾದರಿ ಕಟ್ಟುವವರು ಹೆಚ್ಚಾಗಿ ಕಟ್ಟಡದಿಂದ ಶುರು ಮಾಡುತ್ತಾರೆ. ಎರಡು ವರ್ಷ ಗೋಡೆ, ಕಿಟಕಿ ಮಾಡಿ, ಆಮೇಲೆ ರೈಲು ಓಡಿಸಲು ಹೋದಾಗ ಮಾಡಲು ಏನೂ ಕೆಲಸ ಇರುವುದಿಲ್ಲ. ರೈಲು ಬಂತು, ನಿಂತಿತು, ಹೋಯಿತು, ಅಷ್ಟೇ. ಆರು ತಿಂಗಳಲ್ಲಿ ಅದರ ಮೇಲೆ ಧೂಳು ಕೂರುತ್ತದೆ. ಅದಕ್ಕೇ ನನ್ನ ಮಾತು ಇದು: ಮೊದಲು ಆ ನಿಲ್ದಾಣದಲ್ಲಿ ರೈಲುಗಳು ಏನು ಮಾಡುತ್ತಿದ್ದವು ಅಂತ ಕಲಿಯಿರಿ. ಹಳಿ ಎಲ್ಲಿ ಹೋಗಬೇಕು, ವೈರ್ ಹೇಗೆ ಎಳೆಯಬೇಕು, ಯಾವ ಎಂಜಿನ್ ಕೊಳ್ಳಬೇಕು, ಎಲ್ಲವನ್ನೂ ಆ ಕೆಲಸವೇ ಹೇಳಿಕೊಡುತ್ತದೆ.

ಗ್ರೀನ್ ಪಾರ್ಕ್‌ಗೆ ಎರಡು ಲೈನ್ ಬರುತ್ತಿದ್ದವು. ಒಂದು ಬ್ರಿಸ್ಟಲ್, ಗ್ಲಾಸ್ಟರ್ ಕಡೆಯಿಂದ ಮಿಡ್‌ಲ್ಯಾಂಡ್‌ನದು. ಇನ್ನೊಂದು ದಕ್ಷಿಣದ ಬೋರ್ನ್‌ಮತ್‌ನಿಂದ ಬೆಟ್ಟ ಹತ್ತಿ ಇಳಿದು ಬರುವ ಸಾಮರ್‌ಸೆಟ್ ಅಂಡ್ ಡಾರ್ಸೆಟ್ ಲೈನ್, 1874ರಲ್ಲಿ ಬಾತ್ ಮುಟ್ಟಿದ್ದು. ಆ ಬೆಟ್ಟದ ಲೈನ್ ಕಟ್ಟಿಯೇ ಆ ಕಂಪನಿ ಸಾಲದಲ್ಲಿ ಮುಳುಗಿತು. ಮರುವರ್ಷವೇ ಮಿಡ್‌ಲ್ಯಾಂಡ್ ಮತ್ತು ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಗಳು ಜಂಟಿಯಾಗಿ ಅದನ್ನು ಗುತ್ತಿಗೆಗೆ ಹಿಡಿದವು. ಈಗ ಮುಖ್ಯ ವಿಷಯಕ್ಕೆ ಬನ್ನಿ. ಎರಡೂ ಲೈನ್ ನಿಲ್ದಾಣದೊಳಗೆ ಬರುವುದು ಒಂದೇ ದಿಕ್ಕಿನಿಂದ, ಪಶ್ಚಿಮದಿಂದ. ಸುಮಾರು ಅರ್ಧ ಮೈಲಿ ಆಚೆ ಬಾತ್ ಜಂಕ್ಷನ್‌ನಲ್ಲಿ ಅವು ಬೇರೆಯಾಗುತ್ತಿದ್ದವು. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಪ್ರತಿ ರೈಲೂ ಇಲ್ಲಿ ಬಂದು ನಿಂತು ತಿರುವುಮುರುವಾಗಲೇಬೇಕು.

ಮ್ಯಾಂಚೆಸ್ಟರ್‌ನಿಂದ ಬೋರ್ನ್‌ಮತ್‌ಗೆ ಹೋಗುತ್ತಿದ್ದ ಪೈನ್ಸ್ ಎಕ್ಸ್‌ಪ್ರೆಸ್ ಅನ್ನೇ ತಗೊಳ್ಳಿ. ರೈಲು ಒಳಗೆ ಬಂದು ಹಳಿ ಮುಗಿಯುವಲ್ಲಿನ ತಡೆಯ, ಅಂದರೆ ಬಫರ್ ಹತ್ತಿರ ನಿಲ್ಲುತ್ತದೆ. ಎಳೆದು ತಂದ ಎಂಜಿನ್ ಈಗ ಬಫರ್ ಮತ್ತು ಬೋಗಿಗಳ ನಡುವೆ ಸಿಕ್ಕಿಕೊಂಡಿದೆ. ಆಚೆ ತುದಿಗೆ ಸಾಮರ್‌ಸೆಟ್ ಅಂಡ್ ಡಾರ್ಸೆಟ್‌ನ ಎಂಜಿನ್ ಹಿಮ್ಮುಖವಾಗಿ ಬಂದು ಸೇರುತ್ತದೆ. ಬೋಗಿ ಜಾಸ್ತಿ ಇದ್ದರೆ ಒಂದಲ್ಲ, ಎರಡು. ಯಾಕೆಂದರೆ ಬಾತ್ ಬಿಟ್ಟ ಕೂಡಲೇ 50 ಅಡಿಗೆ ಒಂದು ಅಡಿ ಏರುವ ದಾರಿ, ಒಂಟಿ ಹಳಿ, ಮುಂದೆ ಡೆವನ್‌ಷೈರ್ ಸುರಂಗ, ಆಮೇಲೆ ಕೂಂಬ್ ಡೌನ್ ಸುರಂಗ. ಕೂಂಬ್ ಡೌನ್ ಒಂದೇ 1,829 ಗಜ ಉದ್ದ. 2ಪಿ ಎಂಬ ವರ್ಗದ ಹಳೆಯ ಸಣ್ಣ ಎಂಜಿನ್ ಒಂದು ಮುಂದೆ, ದೊಡ್ಡ ಎಂಜಿನ್ ಅದರ ಹಿಂದೆ. ರೈಲು ಹೊರಟುಹೋದ ಮೇಲೆ, ಸಿಕ್ಕಿಕೊಂಡಿದ್ದ ಎಂಜಿನ್ ನಿಧಾನವಾಗಿ ಹೊರಬಂದು ಷೆಡ್ ಕಡೆ ಹೋಗುತ್ತದೆ. ಈ ಆಟ ಬೇಸಿಗೆಯ ಶನಿವಾರ ದಿನವಿಡೀ ನಡೆಯುತ್ತಿತ್ತು. ಒಂದು ರೈಲು, ಮೂರು ಎಂಜಿನ್, ಹತ್ತು ನಿಮಿಷದ ಕೆಲಸ. ಎರಡು ಪ್ಲಾಟ್‌ಫಾರ್ಮ್‌ನ ಮಾದರಿಯಲ್ಲಿ ಇದಕ್ಕಿಂತ ಜಾಸ್ತಿ ಏನು ಬೇಕು?

ಆ ಎರಡೂ ಸುರಂಗಗಳು ಈಗ ಸೈಕಲ್ ದಾರಿ, 2013ರಲ್ಲಿ ತೆರೆದವು. ಒಮ್ಮೆ ಹೋಗಿ ಆ ಏರು ತುಳಿದು ಬನ್ನಿ. ಎರಡು ಎಂಜಿನ್ ಯಾಕೆ ಬೇಕಾಗುತ್ತಿತ್ತು ಅಂತ ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಮುಂದಿನ ನಿರ್ಧಾರ, ಯಾವ ವರ್ಷ? "ಉಗಿ ಕಾಲ" ಅಂದರೆ ಸಾಲದು. ಬ್ರಿಟಿಷ್ ರೈಲ್ವೆಯಲ್ಲಿ ಐದು ವರ್ಷಕ್ಕೆ ಬಣ್ಣ, ಎಂಜಿನ್, ಫಲಕ ಎಲ್ಲ ಬದಲಾಗುತ್ತಿತ್ತು. ನನ್ನ ಸಲಹೆ 1957ರ ಬೇಸಿಗೆ. ಕಾರಣ ಹೇಳುತ್ತೇನೆ. ಎಕ್ಸ್‌ಪ್ರೆಸ್ ಬೋಗಿಗಳಿಗೆ ಕೆಂಪು ಮತ್ತು ಕೆನೆ ಬಣ್ಣ ಬಳಿಯುತ್ತಿದ್ದದ್ದು 1956ರವರೆಗೆ, ಆಮೇಲೆ ಮೆರೂನ್ ಬಂತು, ದಕ್ಷಿಣ ವಲಯದ ಬೋಗಿಗಳಿಗೆ ಹಸಿರು. 1957ರಲ್ಲಿ ಈ ಮೂರೂ ಬಣ್ಣ ಒಂದೇ ನಿಲ್ದಾಣದಲ್ಲಿ ಅಕ್ಕಪಕ್ಕ ನಿಂತಿರುತ್ತಿದ್ದವು. 1954ರಲ್ಲಿ ಬಂದ ಹೊಸ ಸ್ಟ್ಯಾಂಡರ್ಡ್ ಕ್ಲಾಸ್ 5 ಎಂಜಿನ್‌ಗಳು ಇದ್ದವು. ವೆಸ್ಟ್ ಕಂಟ್ರಿ ಪೆಸಿಫಿಕ್ ಎಂಬ ದೊಡ್ಡ ಎಂಜಿನ್‌ಗಳಿದ್ದವು. ಹಳೆಯ 2ಪಿಗಳೂ ಇನ್ನೂ ದುಡಿಯುತ್ತಿದ್ದವು. ಎಲ್ಲಕ್ಕಿಂತ ಮುಖ್ಯ, ಈ ಲೈನಿಗೆಂದೇ ಡರ್ಬಿಯಲ್ಲಿ ರೂಪಿಸಿದ 7ಎಫ್ ಎಂಜಿನ್‌ಗಳು. 1914ರಲ್ಲಿ ಆರು, 1925ರಲ್ಲಿ ಐದು, ಒಟ್ಟು ಹನ್ನೊಂದೇ. ಸರಕು ಎಳೆಯಲು ಮಾಡಿದ್ದಾದರೂ ಬೇಸಿಗೆ ಶನಿವಾರ ಪ್ರಯಾಣಿಕರ ರೈಲಿಗೂ ಅವನ್ನು ಹೂಡುತ್ತಿದ್ದರು. 9ಎಫ್ ಎಂಬ ಇನ್ನೂ ದೊಡ್ಡ ಎಂಜಿನ್ ಬೇಕೇ ಬೇಕು ಅಂದರೆ 1960 ಅಥವಾ ಆಮೇಲಿನ ಬೇಸಿಗೆ ಆರಿಸಿ. ಬೋಗಿಗಳಿಗೆ ಉಗಿಯ ಬಿಸಿ ಕೊಡುವ ವ್ಯವಸ್ಥೆ ಅವುಗಳಲ್ಲಿ ಇರಲಿಲ್ಲ, ಅದಕ್ಕೇ ಬೇಸಿಗೆಗಷ್ಟೇ ಬರುತ್ತಿದ್ದವು. ಬ್ರಿಟಿಷ್ ರೈಲ್ವೆಗೆ ಕಟ್ಟಿದ ಕೊನೆಯ ಉಗಿ ಎಂಜಿನ್ ಈವನಿಂಗ್ ಸ್ಟಾರ್ ಕೂಡ 9ಎಫ್‌ಗಳಲ್ಲಿ ಒಂದು. 1962ರ ಸೆಪ್ಟೆಂಬರ್‌ನಲ್ಲಿ ಈ ದಾರಿಯಲ್ಲಿ ಹೋದ ಕೊನೆಯ ಪೈನ್ಸ್ ಎಕ್ಸ್‌ಪ್ರೆಸ್ ಎಳೆದದ್ದು ಅದೇ.

ವರ್ಷ ನಿಗದಿ ಮಾಡಿದರೆ ಸಣ್ಣ ವಿವರಗಳೂ ತಾನೇ ನಿಗದಿಯಾಗುತ್ತವೆ. ಎಂಜಿನ್ ಮುಖದ ಮೇಲಿನ ಷೆಡ್ ಫಲಕವನ್ನೇ ನೋಡಿ, ಎಂಜಿನ್ ಯಾವ ಷೆಡ್‌ನದು ಅಂತ ಹೇಳುವ ಸಂಕೇತ ಅದು. ಗ್ರೀನ್ ಪಾರ್ಕ್ ಷೆಡ್‌ಗೆ 1950ರವರೆಗೆ 22ಸಿ, ಆಮೇಲೆ 71ಜಿ, 1958ರಿಂದ 82ಎಫ್. 1957 ಅಂದರೆ 71ಜಿ. ಟೆಂಡರ್, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿಯ ಪಕ್ಕದಲ್ಲಿ ಟ್ಯಾಬ್ಲೆಟ್ ಹಿಡಿಯುವ ಸಣ್ಣ ಯಂತ್ರವೂ ಇರಬೇಕು. ಒಂಟಿ ಹಳಿಗೆ ಹೋಗುವಾಗ ಅನುಮತಿಯ ಬಿಲ್ಲೆಯಾದ ಟ್ಯಾಬ್ಲೆಟ್ ಅನ್ನು ಓಡುತ್ತಲೇ ಕಸಿದುಕೊಳ್ಳುವ ಸಾಧನ ಅದು. ಅಂಗಡಿಯಿಂದ ತಂದ ಎಂಜಿನ್‌ಗೆ ಇಂಥ ಒಂದು ತುಣುಕು ಅಂಟಿಸಿದರೆ ಸಾಕು, ಅದು ಈ ಲೈನಿನ ಎಂಜಿನ್ ಆಗಿಬಿಡುತ್ತದೆ.

ಛಾವಣಿಗೂ ವರ್ಷಕ್ಕೂ ಸಂಬಂಧ ಇದೆ, ಇಲ್ಲಿ ಹುಷಾರು. ಈಗ ಹೋದರೆ ಛಾವಣಿ ತುಂಬ ಗಾಜು ಕಾಣುತ್ತದೆ. 1942ರ ಏಪ್ರಿಲ್‌ನಲ್ಲಿ ಬಾತ್ ಮೇಲೆ ಜರ್ಮನ್ ಬಾಂಬ್ ದಾಳಿ ಆದಾಗ ಹಳೆಯ ಗಾಜು ಹಾಳಾಯಿತು. ರೈಲು ಓಡುವಷ್ಟು ಕಾಲವೂ ರೈಲ್ವೆಯವರು ಮತ್ತೆ ಗಾಜು ಹಾಕಲೇ ಇಲ್ಲ. ಅಂದರೆ ನಿಮ್ಮ 1957ರ ಮಾದರಿಯಲ್ಲಿ ಬರೀ ಕಬ್ಬಿಣದ ಪಕ್ಕೆಲುಬುಗಳು, ಅವುಗಳ ನಡುವೆ ಆಕಾಶ. ಮಾದರಿ ಕಟ್ಟುವವರಿಗೆ ಇದು ದೊಡ್ಡ ಅನುಕೂಲ. ಗಾಜಿನ ಛಾವಣಿ ಹಾಕಿದರೆ ಒಳಗಿನ ರೈಲು ಮಸುಕಾಗುತ್ತದೆ, ಗಾಜಿನ ಮೇಲೆ ಅಂಟಿನ ಕಲೆ ಉಳಿಯುತ್ತದೆ. ಇಲ್ಲಿ ಮೇಲಿನಿಂದ ಬಗ್ಗಿ ನೋಡಿದರೆ ಪ್ಲಾಟ್‌ಫಾರ್ಮ್, ಬೋಗಿ, ಜನ ಎಲ್ಲ ಕಾಣುತ್ತದೆ.

ಮಾಹಿತಿ ಹುಡುಕುವುದು ಕಷ್ಟ ಇಲ್ಲ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಜಾಲತಾಣದಲ್ಲಿ ಬ್ರಿಟನ್ನಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳನ್ನು ಉಚಿತವಾಗಿ ನೋಡಬಹುದು. 1:2500 ಅಳತೆಯ ಹಾಳೆ ಹುಡುಕಿ, ಸುಮಾರು 33 ಪಟ್ಟು ಹಿಗ್ಗಿಸಿದರೆ ಓಓ ಅಳತೆಗೆ ಬರುತ್ತದೆ. ಪ್ರತಿ ಹಳಿಯೂ ಅದರಲ್ಲಿದೆ. ಬ್ರಿಟನ್ ಫ್ರಮ್ ಅಬವ್ ಎಂಬ ಜಾಲತಾಣದಲ್ಲಿ ಹಳೆಯ ವಿಮಾನಚಿತ್ರಗಳಿವೆ. ಸಾಮರ್‌ಸೆಟ್ ಅಂಡ್ ಡಾರ್ಸೆಟ್ ಅಂತೂ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಲೈನ್‌ಗಳಲ್ಲಿ ಒಂದು, ಚಿತ್ರಗಳಿಗೆ ಬರ ಇಲ್ಲ. ಆ ಕಾಲದ ವರ್ಕಿಂಗ್ ಟೈಮ್‌ಟೇಬಲ್ ಒಂದು ಸಂಪಾದಿಸಿಕೊಳ್ಳಿ. ಪ್ರಯಾಣಿಕರಿಗೆ ಕೊಡುವುದಲ್ಲ, ಸಿಬ್ಬಂದಿಗೆ ಕೊಡುತ್ತಿದ್ದದ್ದು. ಖಾಲಿ ಬೋಗಿ ಯಾವಾಗ ಬಂತು, ಎಂಜಿನ್ ಯಾವಾಗ ಹೋಯಿತು ಎಂಬುದೂ ಅದರಲ್ಲಿ ಇರುತ್ತದೆ.

ಈಗ ಅಳತೆ ಮತ್ತು ಕೋಣೆ. ಓಓಗಿಂತ ಸಣ್ಣದಾದ ಎನ್ ಗೇಜ್ ಆರಿಸಿದರೆ, ಅಂದರೆ 1:148, ಇಡೀ ನಿಲ್ದಾಣ ಒಂದಿಂಚೂ ಕತ್ತರಿಸದೆ ಹಿಡಿಯುತ್ತದೆ. ಹನ್ನೆರಡು ಬೋಗಿ, ಎರಡು ಎಂಜಿನ್ ಸೇರಿದರೂ ಎರಡು ಮೀಟರ್ ದಾಟುವುದಿಲ್ಲ. ರೈಲಿನ ಉದ್ದವೇ ಮುಖ್ಯ ಅನ್ನುವವರಿಗೆ ಅದೇ ಸರಿ. ಆದರೆ ನೀವು ಕೇಳಿದ್ದು ಸಣ್ಣ ವಿವರ. ಟ್ಯಾಬ್ಲೆಟ್ ಯಂತ್ರ, ಷೆಡ್ ಫಲಕ, ಕಂಬದ ತಲೆಯ ಸುರುಳಿ, ಪೋರ್ಟರ್ ಕೈಗಾಡಿಯ ಮೇಲಿನ ಪೆಟ್ಟಿಗೆ, ಇವು ಬರಿಗಣ್ಣಿಗೆ ಕಾಣಬೇಕಾದರೆ 4 ಮಿಲಿಮೀಟರ್ ಅಳತೆ ಬೇಕು. 7ಎಫ್ ಎಂಜಿನ್ ಅನ್ನು ಬ್ಯಾಕ್‌ಮನ್ ಓಓನಲ್ಲಿ ಮಾಡಿದೆ. ಮೇಲೆ ಹೇಳಿದ ಉಳಿದ ಎಂಜಿನ್‌ಗಳೂ ಬ್ಯಾಕ್‌ಮನ್ ಅಥವಾ ಹಾರ್ನ್‌ಬಿಯಿಂದ ಬಂದಿವೆ, ಹೊಸದು ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಹಾಗಾಗಿ ಓಓ.

ಓಓದ ಒಂದು ದೋಷ ಗೊತ್ತಿರಲಿ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 4 ಮಿಲಿಮೀಟರ್ ಲೆಕ್ಕದಲ್ಲಿ ಅದು 4 ಅಡಿ ಒಂದೂವರೆ ಇಂಚು. ನಿಜದ ಬ್ರಿಟಿಷ್ ಹಳಿ 4 ಅಡಿ ಎಂಟೂವರೆ ಇಂಚು. ಏಳು ಇಂಚು ಕಮ್ಮಿ. ಇದು ಸಹಿಸಲಾಗದವರು 18.2 ಮಿಲಿಮೀಟರ್‌ನ ಇಎಂ ಅಥವಾ 18.83 ಮಿಲಿಮೀಟರ್‌ನ ಪಿ4 ಹಿಡಿಯುತ್ತಾರೆ. ಅಲ್ಲಿ ಪ್ರತಿ ಎಂಜಿನ್‌ನ ಗಾಲಿ ಬದಲಿಸಬೇಕು, ಹಳಿ ಕವಲೊಡೆಯುವ ಭಾಗಗಳನ್ನು ಹೆಚ್ಚಾಗಿ ಕೈಯಲ್ಲೇ ಕಟ್ಟಬೇಕು. ಮೊದಲ ಮಾದರಿಗೆ ಅದನ್ನು ತಲೆಗೆ ಕಟ್ಟಿಕೊಳ್ಳಬೇಡಿ. ನಾಲ್ಕು ವರ್ಷದ ನಂತರ ನಿಮ್ಮ ಹತ್ತಿರ ಸರಿಯಾದ ಗೇಜ್‌ನ ಎರಡು ಎಂಜಿನ್ ಇರುವುದಕ್ಕಿಂತ, ಓಡುವ ನಿಲ್ದಾಣ ಇರುವುದು ಒಳ್ಳೆಯದು.

ಓಓನಲ್ಲಿ ಒಂದು ಬೋಗಿ, ಜೋಡಣೆ ಸೇರಿ, ಸುಮಾರು 27 ಸೆಂಟಿಮೀಟರ್. ಹನ್ನೆರಡು ಬೋಗಿಯ ಪೈನ್ಸ್ ಅಂದರೆ ಮೂರು ಮೀಟರ್‌ಗೂ ಜಾಸ್ತಿ. ಆಗುವುದಿಲ್ಲ. ಆರು ಬೋಗಿ, ಒಂದು ಎಂಜಿನ್ ಅಂತ ಲೆಕ್ಕ ಹಾಕಿ, 190 ಸೆಂಟಿಮೀಟರ್. ಇಲ್ಲಿ ಒಂದು ನಿಯಮ ಪಾಲಿಸಿ: ಉದ್ದ ಕತ್ತರಿಸಿ, ಅಗಲ ಕತ್ತರಿಸಬೇಡಿ. ಛಾವಣಿಯ 264 ಮಿಲಿಮೀಟರ್ ಹಾಗೇ ಇರಲಿ. ಎರಡು ಪಕ್ಕೆಲುಬುಗಳ ನಡುವಿನ ಅಂತರವೂ ಹಾಗೇ ಇರಲಿ. ಪಕ್ಕೆಲುಬುಗಳ ಸಂಖ್ಯೆ ಮಾತ್ರ ಕಮ್ಮಿ ಮಾಡಿ. ನೋಡುವ ಕಣ್ಣು ಉದ್ದವನ್ನು ಎಣಿಸುವುದಿಲ್ಲ, ಆಕಾರವನ್ನು ಗುರುತಿಸುತ್ತದೆ. ಅಗಲದಲ್ಲಿ ಒಂದು ಇಂಚು ಕಮ್ಮಿಯಾದರೂ ಕಮಾನಿನ ಆಕಾರ ಕೆಟ್ಟು, ಇದು ಗ್ರೀನ್ ಪಾರ್ಕ್ ಅಲ್ಲ ಅನ್ನಿಸಿಬಿಡುತ್ತದೆ. ನಾಲ್ಕು ಹಳಿ ಎರಡಾಗುವ ಗಂಟಲಿನ ಭಾಗವನ್ನೂ ಒತ್ತಿ ಸಣ್ಣದು ಮಾಡಬೇಡಿ. ಚೂಪಾದ ತಿರುವಿನಲ್ಲಿ ಬೋಗಿಗಳ ತುದಿಯಲ್ಲಿರುವ ಬಫರ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದು, ಹಳಿ ತಪ್ಪುವುದು, ಎಲ್ಲ ಅಲ್ಲೇ.

ಕೋಣೆಯಲ್ಲಿ ಯು ಆಕಾರ ಮಾಡಿ. ಒಂದು ಉದ್ದ ಗೋಡೆಗೆ ನಿಲ್ದಾಣ: ಮೂಲೆಯಲ್ಲಿ ಮುಖ್ಯ ಕಟ್ಟಡಕ್ಕೆ 15 ಸೆಂಟಿಮೀಟರ್, ಆಮೇಲೆ ಪ್ಲಾಟ್‌ಫಾರ್ಮ್, ಆಮೇಲೆ ಗಂಟಲು. ಗಂಟಲಿನ ಕೊನೆ ತಿರುವಿನೊಳಗೇ ಹರಿದು ಹೋಗಲಿ. ತಿರುವಿನ ತ್ರಿಜ್ಯ 90 ಸೆಂಟಿಮೀಟರ್‌ಗಿಂತ ಕಮ್ಮಿ ಬೇಡ. ಬಾಗಿಲಿಲ್ಲದ ಕಡೆಯ ಅಡ್ಡಗೋಡೆಯಲ್ಲಿ ಎರಡು ತಿರುವಿನ ನಡುವೆ ಮುಕ್ಕಾಲು ಮೀಟರ್ ನೇರ ಜಾಗ ಸಿಗುತ್ತದೆ. ಅಲ್ಲಿ ಏವನ್ ನದಿಯ ಸೇತುವೆ. ನಿಜದಲ್ಲೂ ಪ್ಲಾಟ್‌ಫಾರ್ಮ್ ಮುಗಿದು ಸ್ವಲ್ಪ ಮುಂದೆಯೇ ಹಳಿಗಳು ನದಿ ದಾಟುತ್ತಿದ್ದವು, ಅಲ್ಲಿಗೆ ದೃಶ್ಯ ಮುಗಿಸುವುದು ಸಹಜವಾಗಿರುತ್ತದೆ. ಎದುರು ಉದ್ದ ಗೋಡೆಗೆ ರೈಲು ಅಡಗಿಸುವ ಜಾಗ. ಬಾತ್ ಜಂಕ್ಷನ್, ಎಂಜಿನ್ ಷೆಡ್, ಸರಕು ಯಾರ್ಡ್ ಎಲ್ಲ ಬಿಟ್ಟುಬಿಡಿ. ಅರ್ಧ ಮೈಲಿ ಅಂದರೆ ಓಓನಲ್ಲೂ ಹತ್ತು ಮೀಟರ್ ದಾಟುತ್ತದೆ.

ಅಡಗಿಸುವ ಜಾಗದಲ್ಲಿ ಪಾಯಿಂಟ್ (ರೈಲನ್ನು ಇನ್ನೊಂದು ಹಳಿಗೆ ತಿರುಗಿಸುವ ಕವಲು) ಹಾಕಬೇಡಿ, ಕ್ಯಾಸೆಟ್ ಮಾಡಿ. ಉದ್ದನೆಯ ಪ್ಲೈವುಡ್ ಪಟ್ಟಿಯ ಮೇಲೆ ಎರಡು ಅಲ್ಯೂಮಿನಿಯಂ ಆಂಗಲ್ ಅಂಟಿಸಿದರೆ ಅದೇ ಹಳಿ, ಅದರಲ್ಲೇ ಕರೆಂಟೂ ಹೋಗುತ್ತದೆ. ರೈಲು ಒಳಗೆ ಬಂದ ಮೇಲೆ ಕ್ಯಾಸೆಟ್ ಸರಿಸಿ ಇನ್ನೊಂದು ಇಡಿ. ಎಂಜಿನ್‌ಗೆ 35 ಸೆಂಟಿಮೀಟರ್‌ನ ಸಣ್ಣ ಕ್ಯಾಸೆಟ್ ಬೇರೆ ಇರಲಿ. ಅದನ್ನೇ ಎತ್ತಿ ತಿರುಗಿಸಿಟ್ಟರೆ ಷೆಡ್‌ನ ಟರ್ನ್‌ಟೇಬಲ್ ಕೆಲಸ ಆದಂತೆ. ಪ್ರತಿ ರೈಲೂ ತಿರುವುಮುರುವಾಗುವ ಈ ನಿಲ್ದಾಣಕ್ಕೆ ಕ್ಯಾಸೆಟ್ ಹೇಳಿ ಮಾಡಿಸಿದ ಹಾಗಿದೆ.

ಹಲಗೆಗೆ 9 ಮಿಲಿಮೀಟರ್ ಬರ್ಚ್ ಪ್ಲೈವುಡ್ ತನ್ನಿ. ಅಗ್ಗದ ಪ್ಲೈ ಬೇಡ, ಬಾಗುತ್ತದೆ. ನೆಲದಿಂದ ಎತ್ತರ 1.2 ಮೀಟರ್. ಕುರ್ಚಿಯಲ್ಲಿ ಕೂತರೆ ಕಣ್ಣು ಪ್ಲಾಟ್‌ಫಾರ್ಮ್ ಮಟ್ಟಕ್ಕೆ ಬರುತ್ತದೆ, ಛಾವಣಿಯ ತೆರೆದ ಬಾಯಿಂದ ಒಳಗೆ ನೋಡಬಹುದು. ಎದ್ದು ನಿಂತರೆ ಪಕ್ಕೆಲುಬುಗಳ ಮೂಲಕ ಮೇಲಿನಿಂದ. ಒಂದೇ ಮಾದರಿಗೆ ಎರಡು ನೋಟ.

ಹಳಿಗೆ ದುಡ್ಡು ಉಳಿಸಲು ಹೋಗಬೇಡಿ. ಪೆಕೊ ಕಂಪನಿಯ ಮಾಮೂಲಿ ಸ್ಟ್ರೀಮ್‌ಲೈನ್ ಹಳಿ ಗಟ್ಟಿಮುಟ್ಟು, ಚೆನ್ನಾಗಿ ಓಡುತ್ತದೆ. ಆದರೆ ಅದರ ಸ್ಲೀಪರ್‌ಗಳು (ಹಳಿಯಡಿಯ ಅಡ್ಡಪಟ್ಟಿಗಳು) ಯುರೋಪಿನ 1:87 ಅಳತೆಗೆ ಹೊಂದಿಸಿದವು, ತುಂಬ ಹತ್ತಿರ ಹತ್ತಿರ ಇವೆ. 1957ರ ಇಂಥ ಬ್ರಿಟಿಷ್ ನಿಲ್ದಾಣದಲ್ಲಿ ಇದ್ದದ್ದು ಬುಲ್‌ಹೆಡ್ ಎಂಬ ಹಳೆಯ ನಮೂನೆಯ ಹಳಿ, ಎರಕದ ಕಬ್ಬಿಣದ "ಕುರ್ಚಿ" ಎಂಬ ಹಿಡಿಕೆಗಳಲ್ಲಿ ಕೂತದ್ದು. ಈಗ ಪೆಕೊ ಕೂಡ ಓಓನಲ್ಲಿ ಬುಲ್‌ಹೆಡ್ ಹಳಿ, ಪಾಯಿಂಟ್ ಮಾಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮತ್ತೆ ನಾನು ಹೇಳುವುದೇ ಬೇಡ. ನಕ್ಷೆ ಹಾಕಲು ಟೆಂಪ್ಲಾಟ್ ಎಂಬ ಉಚಿತ ತಂತ್ರಾಂಶ ಇದೆ. ಕಲಿಯಲು ಎರಡು ವಾರ ಬೇಕು, ನಿಮಗೆ ಅಷ್ಟೂ ಬೇಡವೇನೋ. ನಿಜದ ಅಳತೆಯಲ್ಲಿ ಪಾಯಿಂಟ್ ಬರೆದು, ಬಾಗಿಸಿ, ಕಾಗದಕ್ಕೆ ಮುದ್ರಿಸಬಹುದು. ಆ ಕಾಗದವನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಬೋಗಿಗಳನ್ನು ಕೈಯಲ್ಲಿ ತಳ್ಳಿ ನೋಡಿ. ಪಕ್ಕಪಕ್ಕದ ಹಳಿಗಳ ನಡುಗೆರೆಯ ಅಂತರ ನೇರ ಭಾಗದಲ್ಲಿ 45 ಮಿಲಿಮೀಟರ್ ಸಾಕು. ಪ್ಲಾಟ್‌ಫಾರ್ಮ್‌ನ ಮೇಲ್ಮೈ ಹಳಿಗಿಂತ 12 ಮಿಲಿಮೀಟರ್ ಎತ್ತರ, ಅಂದರೆ ನಿಜದ ಮೂರು ಅಡಿ.

ಕರೆಂಟಿಗೆ ಡಿಸಿಸಿ, ಅಂದರೆ ಡಿಜಿಟಲ್ ನಿಯಂತ್ರಣ ಹಾಕಿ. ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಗೆ ಕರೆಂಟ್ ಕೊಟ್ಟರೆ ಅದರ ಮೇಲಿರುವ ಎಲ್ಲ ಎಂಜಿನ್‌ಗಳೂ ಓಡುತ್ತವೆ. ಬಫರ್ ಹತ್ತಿರ ಒಂದು ಎಂಜಿನ್ ನಿಂತಿರಬೇಕು, ಆಚೆ ತುದಿಯ ಎರಡು ಎಂಜಿನ್ ರೈಲನ್ನು ಎಳೆಯಬೇಕು ಅಂದರೆ ಹಳಿಯನ್ನು ತುಂಡು ತುಂಡು ಮಾಡಿ ಸ್ವಿಚ್ ಹಾಕಬೇಕು. ಡಿಸಿಸಿಯಲ್ಲಿ ಪ್ರತಿ ಎಂಜಿನ್‌ಗೂ ಅದರದ್ದೇ ವಿಳಾಸ. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರ್‌ನಲ್ಲೇ ನಡೆಸಬಹುದು, ಕೋಡ್ ಬರೆಯುವ ಆಸೆಯೂ ತೀರುತ್ತದೆ. ಹಲಗೆ ಕೆಳಗೆ ದಪ್ಪ ತಂತಿಯ ಎರಡು ಮುಖ್ಯ ಸಾಲು (ಬಸ್) ಎಳೆದು, ಹಳಿಯ ಪ್ರತಿ ತುಂಡಿಗೂ ಸಣ್ಣ ತಂತಿ ಬೆಸೆಯಿರಿ. ಹಳಿಯ ತುಂಡುಗಳನ್ನು ಕೂಡಿಸುವ ಫಿಶ್‌ಪ್ಲೇಟ್ ಕರೆಂಟ್ ಒಯ್ಯುತ್ತದೆ ಅಂತ ನಂಬಬೇಡಿ, ಎರಡು ವರ್ಷದಲ್ಲಿ ಕೈಕೊಡುತ್ತದೆ. ಬೆಸುಗೆ ಬರುವುದಿಲ್ಲ ಅಂದಿರಲ್ಲ, ಇದೇ ನಿಮ್ಮ ಶಾಲೆ. ಹಳಿಯ ಪಕ್ಕಕ್ಕೆ ನೂರು ತಂತಿ ಬೆಸೆಯುವಷ್ಟರಲ್ಲಿ ಕೈ ಪಳಗಿರುತ್ತದೆ. ಛಾವಣಿಯ ಹಿತ್ತಾಳೆಗೆ ಆ ಕೈ ಬೇಕು.

ಜೋಡಣೆಯ ವಿಷಯ ಈಗಲೇ ಯೋಚಿಸಿ, ಆಮೇಲೆ ಆಗುವುದಿಲ್ಲ. ಬಫರ್ ಹತ್ತಿರ ಸಿಕ್ಕಿಕೊಂಡ ಎಂಜಿನ್ ಛಾವಣಿಯ ಒಳಗಿರುತ್ತದೆ, ಅಲ್ಲಿಗೆ ಕೈ ಹೋಗುವುದಿಲ್ಲ. ಆಯಸ್ಕಾಂತದಿಂದ ಬಿಚ್ಚಿಕೊಳ್ಳುವ ಕೇಡೀ (Kadee) ಕಂಪನಿಯ ಜೋಡಣೆ ಹಾಕಿ, ಎಂಜಿನ್ ನಿಲ್ಲುವ ಜಾಗದ ಹಿಂದೆ ಹಳಿಯ ಕೆಳಗೆ ಆಯಸ್ಕಾಂತ ಹೂಳಿ. ಆರು ಬೋಗಿಗೂ ಬೇಡ, ಬೋಗಿ ಸಾಲಿನ ಎರಡು ತುದಿಗೆ ಮತ್ತು ಎಂಜಿನ್‌ಗಳಿಗೆ ಹಾಕಿದರೆ ಸಾಕು. ಪ್ಲಾಟ್‌ಫಾರ್ಮ್ ಅಂಟಿಸುವ ಮೊದಲು ಇದು ಪಕ್ಕಾ ಕೆಲಸ ಮಾಡಬೇಕು.

ಇಷ್ಟಾದ ಮೇಲೆ ಒಂದು ವರ್ಷ ಬೋಳು ಹಲಗೆಯ ಮೇಲೇ ರೈಲು ಓಡಿಸಿ. ಕಟ್ಟಡದ ಜಾಗದಲ್ಲಿ ರಟ್ಟಿನ ಪೆಟ್ಟಿಗೆ ಇಡಿ. ಒಂದು ರಟ್ಟಿನ ಕಮಾನೂ ಕತ್ತರಿಸಿ ನಿಲ್ಲಿಸಿ. ಎತ್ತರ, ಅಂತರ ಸರಿಯಿಲ್ಲದಿದ್ದರೆ ರಟ್ಟಿನಲ್ಲೇ ತಿಳಿಯುತ್ತದೆ. ಆಮೇಲೆ ನಿಜದ ಕಟ್ಟಡಕ್ಕೆ ಬನ್ನಿ.

ಅಳೆಯಲು ಗ್ರೀನ್ ಪಾರ್ಕ್‌ಗೆ ಹೋಗುವಾಗ ಒಂದು ಮೀಟರ್ ಉದ್ದದ ಕೋಲಿಗೆ ಕೆಂಪು ಬಿಳಿ ಪಟ್ಟಿ ಬಳಿದು ಒಯ್ಯಿರಿ. ಗೋಡೆಗೆ ಒರಗಿಸಿ, ನೇರ ಎದುರು ನಿಂತು ಫೋಟೋ ತೆಗೆಯಿರಿ. ಕಲ್ಲಿನ ಒಂದು ವರಸೆಯ ಎತ್ತರ ಅಳೆದು, ವರಸೆಗಳನ್ನು ಎಣಿಸಿದರೆ ಕೈಗೆಟುಕದ ಎತ್ತರವೂ ಸಿಗುತ್ತದೆ. ಮೋಡ ಕವಿದ ದಿನ ಒಳ್ಳೆಯದು, ನೆರಳು ಅಡ್ಡ ಬರುವುದಿಲ್ಲ.

ಗೋಡೆಗೆ ಪ್ಲಾಸ್ಟಿಕಾರ್ಡ್ ಎಂಬ ಪ್ಲಾಸ್ಟಿಕ್ ಹಾಳೆ ಸಾಕು. ಒಂದೂವರೆ ಮಿಲಿಮೀಟರ್ ಹಾಳೆಯ ಮೇಲೆ ಅರ್ಧ ಮಿಲಿಮೀಟರ್‌ನ ಹೊರಪದರ. ಒಳಗೆ ಐದೈದು ಸೆಂಟಿಮೀಟರ್‌ಗೆ ಅಡ್ಡಗೋಡೆ ಕೊಡಿ, ಕಾಣದ ಕಡೆ ತೂತು ಬಿಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಅಂಟಿನ ದ್ರಾವಣದ ಆವಿ ಸಿಕ್ಕಿಕೊಂಡರೆ ಆರು ತಿಂಗಳಲ್ಲಿ ಗೋಡೆ ಒಳಕ್ಕೆ ಸೊಟ್ಟಗಾಗುತ್ತದೆ. ಬಾತ್ ಕಲ್ಲಿನ ಕೆಲಸ ತುಂಬ ನಯ, ಕಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು. 4 ಮಿಲಿಮೀಟರ್ ಅಳತೆಯಲ್ಲಿ ಅದು ಕಾಣಲೇಬಾರದು. ಚಾಕುವಿನಿಂದ ಆಳವಾಗಿ ಗೀರಿ ಇಟ್ಟಿಗೆ ಗೋಡೆಯಂತೆ ಮಾಡಬೇಡಿ. ಬಣ್ಣ ಒಣಗಿದ ಮೇಲೆ ಗಟ್ಟಿ ಪೆನ್ಸಿಲ್‌ನಲ್ಲಿ ಒಂದು ತೆಳು ಗೆರೆ ಎಳೆಯಿರಿ, ಅಷ್ಟೇ. ಕಂಬಗಳಿಗೆ ಪ್ಲಾಸ್ಟಿಕ್ ಕೊಳವೆ, ತಲೆಯ ಸುರುಳಿಗಳಿಗೆ ರೆಸಿನ್ ಪ್ರಿಂಟ್.

ಬಣ್ಣದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಒಳ್ಳೊಳ್ಳೆಯ ಮಾದರಿಗಳು ಇಲ್ಲೇ ಸೋಲುತ್ತವೆ. ಈಗಿನ ಬಾತ್ ಜೇನು ಬಣ್ಣದ ಊರು. 1957ರಲ್ಲಿ ಹಾಗಿರಲಿಲ್ಲ. ನೂರು ವರ್ಷದ ಕಲ್ಲಿದ್ದಲ ಹೊಗೆ ಕುಡಿದು ಊರಿನ ಕಲ್ಲು ಕಪ್ಪಾಗಿತ್ತು. ಆದರೆ ಎಲ್ಲ ಕಡೆ ಒಂದೇ ಸಮನಾದ ಕಪ್ಪು ಅಲ್ಲ. ಬಾತ್ ಕಲ್ಲು ಸುಣ್ಣದಕಲ್ಲು. ಹೊಗೆಯಲ್ಲಿನ ಗಂಧಕದ ಅಂಶ ಅದಕ್ಕೆ ತಾಗಿದರೆ ಮೇಲ್ಮೈ ಜಿಪ್ಸಮ್ ಆಗುತ್ತದೆ. ಮಳೆ ನೀರು ಹೊಡೆಯುವ ಕಡೆ ಆ ಜಿಪ್ಸಮ್ ಕರಗಿ ತೊಳೆದುಹೋಗುತ್ತದೆ, ಕಲ್ಲು ಬೆಳ್ಳಗೇ ಉಳಿಯುತ್ತದೆ. ಕಾರ್ನಿಸ್ ಕೆಳಗೆ, ಕಿಟಕಿ ಹಲಗೆಯ ಅಡಿಯಲ್ಲಿ, ಕಂಬದ ಹಿಂದೆ ಮಳೆ ತಾಗುವುದಿಲ್ಲ. ಅಲ್ಲಿ ಮಸಿ ಸೇರಿಕೊಂಡು ಕಪ್ಪು ಹಕ್ಕಳೆ ಕಟ್ಟುತ್ತದೆ. ಸೌದೆ ಒಲೆ ಇದ್ದ ಅಡುಗೆಮನೆಯ ಗೋಡೆ ನೆನಪಿದೆಯಲ್ಲ, ಹಾಗೆ. ಆದ್ದರಿಂದ ಮೊದಲು ತಿಳಿ ಕೆನೆ ಬಣ್ಣ ಬಳಿಯಿರಿ: ಬಿಳಿ, ಸ್ವಲ್ಪ ರಾ ಸಿಯೆನಾ, ಚೂರು ರಾ ಅಂಬರ್. ಆಮೇಲೆ ಕಂದುಗಪ್ಪು ಪುಡಿ ಬಣ್ಣವನ್ನು ಮಳೆ ತಾಗದ ಕಡೆ ಮಾತ್ರ ಒತ್ತಿ. ಶುದ್ಧ ಕಪ್ಪು ಬೇಡವೇ ಬೇಡ. ಗೋಡೆ ನೋಡುತ್ತ "ಇಲ್ಲಿ ಮಳೆ ಹೊಡೆಯುತ್ತಾ?" ಅಂತ ಕೇಳಿಕೊಳ್ಳುತ್ತ ಹೋದರೆ ತಪ್ಪುವುದಿಲ್ಲ.

ಛಾವಣಿ ದೊಡ್ಡದಾಗಿ ಕಂಡರೂ ಒಂದೇ ಪಕ್ಕೆಲುಬು ಮತ್ತೆ ಮತ್ತೆ ಬರುವುದಷ್ಟೇ. ಒಂದನ್ನು ಕಂಪ್ಯೂಟರ್‌ನಲ್ಲಿ ಸರಿಯಾಗಿ ಬರೆಯಿರಿ. 3ಡಿ ಪ್ರಿಂಟ್ ಮಾಡುವ ಆಸೆ ಬರುತ್ತದೆ, ಬೇಡ. ಇಷ್ಟು ಉದ್ದದ ತೆಳು ರೆಸಿನ್ ಕಾಲ ಕಳೆದಂತೆ ಬಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ನಿಮ್ಮ ಚಿತ್ರದಿಂದ ಹಿತ್ತಾಳೆ ಹಾಳೆಯನ್ನು ರಾಸಾಯನಿಕದಿಂದ ಕೊರೆದು ಎಚಿಂಗ್ ಮಾಡಿಕೊಡುವವರು ಬ್ರಿಟನ್ನಿನಲ್ಲಿ ಇದ್ದಾರೆ, ಅವರಿಗೆ ಕೊಡಿ. ಪಕ್ಕೆಲುಬುಗಳನ್ನು ನೇರವಾಗಿ ನಿಲ್ಲಿಸಲು ಎಂಡಿಎಫ್ ಹಲಗೆಯಲ್ಲಿ ಸೀಳುಗಳಿರುವ ಜಿಗ್, ಅಂದರೆ ಹಿಡಿದಿಡುವ ಚೌಕಟ್ಟು ಮೊದಲು ಮಾಡಿ. ಜಿಗ್ ಮಾಡಲು ಒಂದು ವಾರ ಹೋದರೂ ಸರಿ. ಅದಿಲ್ಲದೆ ಬೆಸೆದ ಛಾವಣಿ ಹಾವಿನಂತೆ ಸುರುಳುತ್ತದೆ. ಛಾವಣಿ ಪೂರ್ತಿ ಎತ್ತಿ ತೆಗೆಯುವಂತಿರಬೇಕು, ಒಳಗೆ ಬೋಗಿ ಹಳಿ ತಪ್ಪೇ ತಪ್ಪುತ್ತದೆ.

ಇನ್ನು ಬೆಂಗಳೂರು. ಖಂಡಿತ ಒಯ್ಯಬಹುದು, ಆದರೆ ಇವತ್ತೇ ಹಾಗೆ ಯೋಚಿಸಿ ಕಟ್ಟಬೇಕು. ಹಲಗೆಗಳನ್ನು 4 ಅಡಿಗೆ 2 ಅಡಿ ಮೀರದ ತುಂಡುಗಳಾಗಿ ಮಾಡಿ. ತುಂಡುಗಳು ಕೂಡುವ ಕಡೆ ಹಿತ್ತಾಳೆಯ ಡೋವೆಲ್ (ಜೋಡಿಸುವ ಗೂಟ) ಮತ್ತು ಬೋಲ್ಟ್ ಇರಲಿ, ಆ ಗೆರೆಯ ಮೇಲೆ ಪಾಯಿಂಟ್ ಬರದಂತೆ ನಕ್ಷೆಯಲ್ಲೇ ನೋಡಿಕೊಳ್ಳಿ. ಛಾವಣಿ ಎರಡು ಭಾಗವಾಗಿ ಬಿಚ್ಚುವಂತಿರಲಿ. ಎಲ್ಲರೂ ಬಿಸಿಲಿಗೆ ಹಳಿ ಹಿಗ್ಗುತ್ತದೆ ಅಂತ ಹೆದರುತ್ತಾರೆ. ಲೆಕ್ಕ ಹಾಕಿದರೆ, ಮೂರೂವರೆ ಮೀಟರ್ ನಿಕ್ಕಲ್ ಸಿಲ್ವರ್ ಹಳಿ 20 ಡಿಗ್ರಿ ಏರಿದಾಗ ಹಿಗ್ಗುವುದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಿಜವಾದ ತೊಂದರೆ ಮರದ್ದು. ಬ್ರಿಟನ್ನಿನಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಒಣಗಿದ ಪ್ಲೈವುಡ್ ಬೆಂಗಳೂರಿನ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ. ಹಳಿ ಹಾಕುವ ಮೊದಲೇ ಪ್ರತಿ ಹಲಗೆಯ ಆರೂ ಮುಖಕ್ಕೆ, ಕೊರೆದ ತೂತುಗಳ ಒಳಗೂ, ಎರಡು ಕೋಟ್ ವಾರ್ನಿಷ್ ಬಳಿಯಿರಿ. ಪ್ರತಿ ತುಂಡಿನ ತುದಿಯಲ್ಲಿ ಹಳಿಗೆ ಅರ್ಧ ಮಿಲಿಮೀಟರ್ ಸಂದು ಬಿಡಿ.

ಸಾಗಿಸುವಾಗ ಎರಡೆರಡು ಹಲಗೆಗಳನ್ನು ಮುಖಾಮುಖಿ ಇಟ್ಟು, ಎರಡು ತುದಿಗೆ ಪ್ಲೈವುಡ್ ಬಿಗಿದರೆ ಅದೇ ಪೆಟ್ಟಿಗೆ. ಆ ತುದಿಯ ಪ್ಲೈವುಡ್‌ಗಳನ್ನು ಹಲಗೆ ಕಟ್ಟುವ ದಿನವೇ ಕತ್ತರಿಸಿ ಇಟ್ಟುಕೊಳ್ಳಿ, ಡೋವೆಲ್ ತೂತುಗಳು ಸರಿಯಾಗಿ ಕೂರುತ್ತವೆ. ಎಂಜಿನ್‌ಗಳನ್ನು ಕೈಚೀಲದಲ್ಲಿ ತನ್ನಿ. ವೋಲ್ಟೇಜ್ ಎರಡೂ ಕಡೆ 230, ಪ್ಲಗ್ ಬದಲಿಸಿದರೆ ಸಾಕು. ಬೆಂಗಳೂರಿನ ಮನೆಯಲ್ಲಿ ನೆಲಮಹಡಿಯ ಕೋಣೆ ಬೇಡ, ಗೋಡೆಗೆ ತಾಗಿಸಿ ಇಡುವುದೂ ಬೇಡ. ಹಲಗೆಯ ಕಾಲುಗಳಿಗೆ ಉಕ್ಕು ಬಳಸಿ, ಗೆದ್ದಲು ಹತ್ತುವುದನ್ನು ಬೇಗ ಗುರುತಿಸಬಹುದು. ಅಲ್ಲಿ ಕೋಣೆಯ ಅಳತೆ ಬೇರೆ ಇದ್ದರೆ ಎರಡು ತಿರುವಿನ ಹಲಗೆಗಳನ್ನು ಹೊಸದಾಗಿ ಮಾಡಿಕೊಳ್ಳಿ. ನಿಲ್ದಾಣದ ಮೂರು ಹಲಗೆಗಳು ಹಾಗೇ ಕೂರುತ್ತವೆ.